ಅನ್ನ ಬಿಟ್ಟ ಮೇಲೆ 24ನೇ ಕಿಲೋಮೀಟರಿಗೆ ಕಾಲು ಕಲ್ಲಾಗುವುದೇಕೆ?

ಪ್ರಶ್ನೆ: ನನಗೆ 31 ವರ್ಷ, ತೂಕ 64 ಕೆ.ಜಿ. ಗಂಗಾವತಿಯ ರೈಸ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಮೂರು ವರ್ಷದಿಂದ ಓಡುತ್ತಿದ್ದೇನೆ, ಎರಡು ಹಾಫ್ ಮ್ಯಾರಥಾನ್ ಮುಗಿಸಿದ್ದೇನೆ, ಈಗ ಪೂರ್ತಿ 42 ಕಿ.ಮೀ.ಗೆ ತಯಾರಿ. ಯೂಟ್ಯೂಬ್ ನೋಡಿ ಎರಡು ತಿಂಗಳಿಂದ ಅನ್ನ, ರೊಟ್ಟಿ ಎರಡೂ ಬಿಟ್ಟಿದ್ದೇನೆ. ಮೊಟ್ಟೆ, ಪನೀರ್, ಶೇಂಗಾ, ತುಪ್ಪ, ಕಾಯಿಪಲ್ಯ ಅಷ್ಟೇ. ಮೊದಲ ಹತ್ತು ದಿನದಲ್ಲಿ ಮೂರು ಕೆ.ಜಿ. ಇಳಿದೆ. ನಿಧಾನ ಓಟಕ್ಕೆ ತೊಂದರೆ ಇಲ್ಲ. ಆದರೆ ಸ್ಪೀಡ್ ವರ್ಕೌಟ್ ದಿನ ಕಾಲು ಏಳುವುದಿಲ್ಲ, ಭಾನುವಾರದ ಲಾಂಗ್ ರನ್‌ನಲ್ಲಿ 24 ದಾಟಿದರೆ ಕಾಲು ಕಲ್ಲು. ಕೊಬ್ಬು ಉರಿಸಲು ಕಲಿತ ದೇಹಕ್ಕೆ ಇಂಧನ ಮುಗಿಯುವುದೇ ಇಲ್ಲ ಅನ್ನುತ್ತಾರಲ್ಲ? ಅಕ್ಕಿ ಮುಟ್ಟದೆ ಜೋಳಕ್ಕಷ್ಟೇ ಮರಳಿದರೆ ಸಾಕೆ? ಅವ್ವ ದಿನಾ ಕೇಳುತ್ತಾಳೆ, "ಕೂಳು ಬಿಟ್ಟವ ಎಷ್ಟು ದೂರ ಓಡ್ತಾನ?"

ಉತ್ತರ: ಅವ್ವನ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡೋಣ. ಕೂಳು ಬಿಟ್ಟವ ಇಪ್ಪತ್ನಾಲ್ಕು ಕಿಲೋಮೀಟರ್ ಓಡುತ್ತಾನೆ. ನೀವೇ ಅಳೆದು ಬರೆದಿದ್ದೀರಿ.

ಇಳಿದ ಮೂರು ಕೆ.ಜಿ.ಯ ಲೆಕ್ಕ ಮಾಡೋಣ. ನಿಮ್ಮ ಕಾಲಿನ ಕಥೆ ಅಲ್ಲೇ ಶುರುವಾಗುತ್ತದೆ. ತಿಂದ ಅನ್ನ, ರೊಟ್ಟಿ ಹೊಟ್ಟೆಯಲ್ಲಿ ಒಡೆದು ಗ್ಲೂಕೋಸ್ ಆಗಿ ರಕ್ತಕ್ಕೆ ಬರುತ್ತವೆ. ಆ ಕ್ಷಣಕ್ಕೆ ಬೇಡವಾದದ್ದನ್ನು ದೇಹ ಒಂದಕ್ಕೊಂದು ಪೋಣಿಸಿ ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ. ಸ್ನಾಯುಗಳಲ್ಲಿ ಸುಮಾರು 300ರಿಂದ 500 ಗ್ರಾಂ, ಲಿವರ್‌ನಲ್ಲಿ 80ರಿಂದ 100 ಗ್ರಾಂ. ಪ್ರತಿ ಗ್ರಾಂ ಗ್ಲೈಕೋಜನ್ ತನ್ನ ಜೊತೆ ಮೂರು ಗ್ರಾಂನಷ್ಟು ನೀರನ್ನೂ ಹಿಡಿದುಕೊಂಡಿರುತ್ತದೆ. ಅನ್ನ-ರೊಟ್ಟಿ ನಿಂತ ಮೇಲೆ ಆ ಸಂಗ್ರಹ ಖಾಲಿಯಾಗುತ್ತ ಹೋಯಿತು, ನೀರೂ ಜೊತೆಗೇ ಹೊರಟಿತು. ಹತ್ತು ದಿನದಲ್ಲಿ ನಿಮ್ಮ ತಕ್ಕಡಿಯಿಂದ ಇಳಿದದ್ದರಲ್ಲಿ ಬಹುಪಾಲು ಇದೇ. ಬೊಜ್ಜು ಕರಗಿತು ಅಂತ ನೀವು ಖುಷಿಪಟ್ಟಿರಿ, ಕರಗಿದ್ದು ಓಟದ ಇಂಧನ.

ಹಾಗಾದರೆ ಕೊಬ್ಬು? ಯೂಟ್ಯೂಬಿನವರು ಹೇಳುವ ಲೆಕ್ಕ ಸುಳ್ಳಲ್ಲ. 64 ಕೆ.ಜಿ. ತೂಕದ ಓಟಗಾರನ ಮೈಯಲ್ಲಿ ಎಂಟು ಕೆ.ಜಿ. ಕೊಬ್ಬಿದ್ದರೂ ಅದು 70 ಸಾವಿರ ಕಿಲೋಕ್ಯಾಲೊರಿ. ಗ್ಲೈಕೋಜನ್ ಪೂರ್ತಿ ತುಂಬಿದ್ದರೂ 2000 ಚಿಲ್ಲರೆ. ಓಡುವಾಗ ಪ್ರತಿ ಕಿಲೋಮೀಟರಿಗೆ ಪ್ರತಿ ಕೆ.ಜಿ. ತೂಕಕ್ಕೆ ಹೆಚ್ಚುಕಡಿಮೆ ಒಂದು ಕಿಲೋಕ್ಯಾಲೊರಿ ಖರ್ಚು, ಅಂದರೆ 42 ಕಿ.ಮೀ.ಗೆ ನಿಮಗೆ 2700ರಷ್ಟು ಬೇಕು. ಕೊಬ್ಬಿನ ಮೇಲೆ ಓಡಿದರೆ ಇಲ್ಲಿಂದ ದಿಲ್ಲಿ ಮುಟ್ಟಬಹುದು ಅನಿಸುತ್ತದೆ.

ಆದರೆ ನೀವು ತುಂಗಭದ್ರಾ ಎಡದಂಡೆ ಕಾಲುವೆಯ ಊರಿನವರು. ಡ್ಯಾಂ ತುಂಬಿ ಕೋಡಿ ಬೀಳುವ ಹೊತ್ತಿನಲ್ಲೂ ಸಿಂಧನೂರು, ಮಾನ್ವಿ ಕಡೆಯ ಕೊನೆ ಭಾಗದ ರೈತ ನೀರಿಲ್ಲ ಅಂತ ರಸ್ತೆಗೆ ಕೂರುವುದನ್ನು ಎಷ್ಟು ಸಲ ನೋಡಿಲ್ಲ ನೀವು? ಜಲಾಶಯದಲ್ಲಿ ಎಷ್ಟು ಟಿಎಂಸಿ ಇದೆ ಅನ್ನುವುದು ಒಂದು ಮಾತು, ಹೊಲಕ್ಕೆ ಬೇಕಾದ ಹೊತ್ತಿಗೆ ಎಷ್ಟು ಕ್ಯೂಸೆಕ್ ಬರುತ್ತದೆ ಅನ್ನುವುದು ಬೇರೆಯೇ ಮಾತು. ಕೊಬ್ಬಿನದೂ ಅದೇ ಪಾಡು. ಅದು ಕೊಬ್ಬಿನ ಕೋಶದಲ್ಲಿ ಒಡೆಯಬೇಕು, ರಕ್ತದಲ್ಲಿ ಪ್ರೋಟೀನಿನ ಬೆನ್ನೇರಿ ಸ್ನಾಯುವಿನ ತನಕ ಬರಬೇಕು, ಒಳಗೆ ಹೋಗಿ ಮೈಟೋಕಾಂಡ್ರಿಯದ (ಜೀವಕೋಶದೊಳಗೆ ಇಂಧನ ಉರಿಸುವ ಪುಟ್ಟ ಒಲೆಯದು) ಬಾಗಿಲಲ್ಲಿ ಮತ್ತೊಂದು ತಪಾಸಣೆ ದಾಟಬೇಕು. ಗ್ಲೈಕೋಜನ್ ಹಾಗಲ್ಲ, ಸ್ನಾಯುವಿನ ಎಳೆಗಳ ನಡುವೆಯೇ ಕುಳಿತಿರುತ್ತದೆ, ಕರೆದ ತಕ್ಷಣ ಬರುತ್ತದೆ. ನಿಧಾನ ಓಟಕ್ಕೆ ಕೊಬ್ಬಿನ ಕಾಲುವೆಯ ಹರಿವು ಸಾಕು. ವೇಗ ಏರಿಸಿದಂತೆ ಬೇಡಿಕೆ ಆ ಹರಿವನ್ನು ಮೀರುತ್ತದೆ, ಆಗ ಸ್ನಾಯು ಗ್ಲೈಕೋಜನ್‌ಗೆ ಕೈ ಹಾಕಲೇಬೇಕು. ನಿಮ್ಮ ನಿಧಾನ ಓಟ ಚೆನ್ನಾಗಿದ್ದು ಸ್ಪೀಡ್ ದಿನ ಕಾಲು ಏಳದಿರುವುದಕ್ಕೆ ಇದೇ ಕಾರಣ.

ಇನ್ನೊಂದು ಲೆಕ್ಕವನ್ನು ಆ ವಿಡಿಯೋಗಳಲ್ಲಿ ಯಾರೂ ಹೇಳುವುದಿಲ್ಲ. ಒಂದು ಲೀಟರ್ ಆಮ್ಲಜನಕ ಬಳಸಿ ಕಾರ್ಬೊಹೈಡ್ರೇಟ್ (ಅನ್ನ-ರೊಟ್ಟಿಯ ಪಿಷ್ಟ, ಸಕ್ಕರೆ) ಉರಿಸಿದರೆ ಸುಮಾರು 5 ಕಿಲೋಕ್ಯಾಲೊರಿ ಸಿಗುತ್ತದೆ, ಕೊಬ್ಬು ಉರಿಸಿದರೆ 4.7. ಕಡಿಮೆ ವ್ಯತ್ಯಾಸ ಅನಿಸಬಹುದು. ಆದರೆ ಏದುಸಿರು ಬಿಡುತ್ತ ಓಡುವವನಿಗೆ ಅಭಾವವಿರುವುದು ಆಮ್ಲಜನಕದ್ದೇ. ಅದೇ ವೇಗಕ್ಕೆ ಹೆಚ್ಚು ಉಸಿರು ಬೇಕಾದರೆ ಅದು ತುಟ್ಟಿ ಇಂಧನ.

ಇದನ್ನು ಆಟದ ಅಂಗಳದಲ್ಲೇ ಪರೀಕ್ಷಿಸಿ ನೋಡಿದವರು ಆಸ್ಟ್ರೇಲಿಯಾದ ಲೂಯಿಸ್ ಬರ್ಕ್ ಮತ್ತು ತಂಡ. 2017ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಭಾಗವಹಿಸಿದವರು ಅಂತರರಾಷ್ಟ್ರೀಯ ಮಟ್ಟದ ವೇಗನಡಿಗೆ ಸ್ಪರ್ಧಿಗಳು. ಮೂರು ವಾರ ಎಲ್ಲರಿಗೂ ಕಠಿಣ ತರಬೇತಿ, ಊಟ ಮಾತ್ರ ಬೇರೆ ಬೇರೆ. ದಿನಕ್ಕೆ 50 ಗ್ರಾಂಗಿಂತ ಕಡಿಮೆ ಕಾರ್ಬೊಹೈಡ್ರೇಟ್ ತಿಂದ ಗುಂಪು ಕೊಬ್ಬು ಉರಿಸುವುದರಲ್ಲಿ ಅದ್ಭುತವಾಗಿ ಪಳಗಿತು. ಆದರೆ ಅದೇ ವೇಗಕ್ಕೆ ಅವರಿಗೆ ಹೆಚ್ಚು ಆಮ್ಲಜನಕ ಬೇಕಾಯಿತು. 10 ಕಿ.ಮೀ. ಸ್ಪರ್ಧೆಯಲ್ಲಿ ಕಾರ್ಬೊಹೈಡ್ರೇಟ್ ತಿಂದವರ ಸಮಯ ಶೇ 6.6ರಷ್ಟು ಸುಧಾರಿಸಿತು. ಕೊಬ್ಬಿನ ಗುಂಪು ಅಷ್ಟೆಲ್ಲ ಬೆವರು ಹರಿಸಿಯೂ ಇದ್ದಲ್ಲೇ ಉಳಿಯಿತು, ಸರಾಸರಿಯಲ್ಲಿ ತುಸು ಹಿಂದೆಯೇ ಬಿತ್ತು. ಇದಕ್ಕೂ ಮುಂಚೆ, 2006ರ ಸುಮಾರಿಗೆ, ಕೊಬ್ಬಿಗೆ ಒಗ್ಗಿದ ಸ್ನಾಯುವಿನಲ್ಲಿ ಪೈರುವೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವದ ಕೆಲಸ ಕುಗ್ಗುವುದನ್ನು ಸಂಶೋಧಕರು ಕಂಡಿದ್ದರು. ಗ್ಲೂಕೋಸನ್ನು ಮೈಟೋಕಾಂಡ್ರಿಯದ ಒಲೆಗೆ ದೂಡುವ ಬಾಗಿಲು ಅದು. ಬಳಸದ ತೂಬು ತುಕ್ಕು ಹಿಡಿದಂತೆ ಅನ್ನಿ: ಕೊನೆಯ ಐದು ಕಿಲೋಮೀಟರಿನಲ್ಲಿ ಒಂದು ಬಾಳೆಹಣ್ಣು ತಿಂದು ಓಡುತ್ತೇನೆ ಅಂದರೂ ಬಾಗಿಲು ಪೂರ್ತಿ ತೆರೆಯುವುದಿಲ್ಲ.

ಎದುರು ಪಕ್ಷದ ಮಾತನ್ನೂ ಹೇಳಬೇಕು. ಸರಾಸರಿ 20 ತಿಂಗಳು ಕೊಬ್ಬಿನ ಊಟದಲ್ಲಿದ್ದ ಅಮೆರಿಕದ ಅಲ್ಟ್ರಾ ಓಟಗಾರರನ್ನು (ಮ್ಯಾರಥಾನಿಗಿಂತ ದೂರ ಓಡುವವರನ್ನು) ಸಂಶೋಧಕ ಜೆಫ್ ವೊಲೆಕ್ ತಂಡ ಅಳೆದಾಗ ಅವರು ನಿಮಿಷಕ್ಕೆ ಒಂದೂವರೆ ಗ್ರಾಂ ಕೊಬ್ಬು ಉರಿಸುತ್ತಿದ್ದರು, ಕಾರ್ಬೊಹೈಡ್ರೇಟ್ ತಿನ್ನುವವರ ಎರಡು ಪಟ್ಟಿಗಿಂತ ಹೆಚ್ಚು. ನೂರು ಮೈಲಿಯನ್ನು ಮೆಲ್ಲಗೆ ಮುಗಿಸುವುದೇ ಗುರಿಯಾದರೆ ಅವರ ದಾರಿಯನ್ನು ನಾನು ತಳ್ಳಿಹಾಕುವುದಿಲ್ಲ. ನಿಮ್ಮ ಗುರಿ ಅದಲ್ಲವಲ್ಲ.

ಇನ್ನು 24ರ ಗೋಡೆ. ಓಡುವವರು ಎರಡು ಬೇರೆ ಬೇರೆ ತೊಂದರೆಗಳನ್ನು 'ಗೋಡೆ' ಎಂಬ ಒಂದೇ ಹೆಸರಿನಿಂದ ಕರೆಯುತ್ತಾರೆ. ಎರಡು ವರ್ಷದ ಹಿಂದೆ ಕಾರಟಗಿ ಕಡೆಯ ಕಾಲುವೆ ರಸ್ತೆಯಲ್ಲಿ ಹುಡುಗರ ಜೊತೆ ಸೈಕಲ್ ಮೇಲೆ ಹೋಗುತ್ತಿದ್ದೆ. 27ನೇ ಕಿಲೋಮೀಟರಿನಲ್ಲಿ ಒಬ್ಬ ನಿಂತ, ಬಗ್ಗಿ ಶೂ ಲೇಸ್ ಕಟ್ಟತೊಡಗಿದ. ಲೇಸ್ ಬಿಚ್ಚಿರಲೇ ಇಲ್ಲ. ಕಟ್ಟಿದ ಗಂಟಿನ ಮೇಲೆ ಬೆರಳು ಆಡಿಸುತ್ತ ಕುಳಿತೇ ಇದ್ದ. ಹಣೆ ತಣ್ಣಗಿತ್ತು, ಬೆವರು ಜಿನುಗುತ್ತಿತ್ತು. "ಇನ್ನೆಷ್ಟ್ ಉಳೀತಲೇ?" ಅಂದರೆ "ಹೂಂ ಸರ್" ಅಂದ. ಕಿಸೆಯಲ್ಲಿದ್ದ ಬೆಲ್ಲದ ಹೆಂಟೆ ಬಾಯಿಗಿಟ್ಟೆ, ನೀರು ಕುಡಿಸಿದೆ. ಹತ್ತು ನಿಮಿಷಕ್ಕೆ ಕಣ್ಣು ಸ್ಥಿರವಾಯಿತು, ಮಾತು ಮರಳಿತು, ಓಡುತ್ತೇನೆ ಅಂತ ಎದ್ದ. ಆದರೆ ಕಾಲು ಮರಳಲಿಲ್ಲ. ಉಳಿದದ್ದನ್ನು ನಡೆದೇ ಮುಗಿಸಿದ.

ಮೊದಲನೆಯದು ಮಿದುಳಿನ ಹಸಿವು. ಲಿವರ್‌ನ ಸಂಗ್ರಹ ತೀರಿ ರಕ್ತದ ಸಕ್ಕರೆ ಇಳಿದದ್ದು. ಅದಕ್ಕೆ ಬೆಲ್ಲ ಬೇಗ ಮದ್ದಾಗುತ್ತದೆ. ಇದು ಹಳೆಯ ತಿಳಿವಳಿಕೆ. 1924ರಲ್ಲೇ ಬೋಸ್ಟನ್ ಮ್ಯಾರಥಾನ್ ಮುಗಿಸಿದವರ ರಕ್ತ ಪರೀಕ್ಷಿಸಿದ ವೈದ್ಯರಿಗೆ ಹಲವರಲ್ಲಿ ಸಕ್ಕರೆ ತೀರಾ ಕೆಳಗಿಳಿದದ್ದು ಕಂಡಿತ್ತು, ಮುಂದಿನ ವರ್ಷ ದಾರಿಯಲ್ಲಿ ಸಿಹಿ ಮಿಠಾಯಿ ತಿನ್ನಿಸಿ ಓಡಿಸಿದಾಗ ಚೇತರಿಕೆಯೂ ಕಂಡಿತು. ಎರಡನೆಯದು ಕಾಲಿನ ಸ್ನಾಯುವಿನದೇ ಬರಿದಾಗುವಿಕೆ. ನಿಮ್ಮದು ಇದು. ಎಳೆಗಳ ನಡುವಿನ ಗ್ಲೈಕೋಜನ್ ಕೆಳಮಟ್ಟಕ್ಕೆ ಇಳಿದಾಗ ಸ್ನಾಯು ಬಿಗಿಯಲು ಬೇಕಾದ ಕ್ಯಾಲ್ಸಿಯಂ ಬಿಡುಗಡೆಯೇ ಮಂದವಾಗುತ್ತದೆ. ನೀವು ಕಾಲಿಗೆ ಹೇಳುತ್ತೀರಿ, ಕಾಲು ಕೇಳಿಸಿಕೊಳ್ಳುವುದಿಲ್ಲ. ಮೇಲಾಗಿ ಸ್ನಾಯುಗಳು ಮಹಾ ಜಿಪುಣ. ಒಂದರ ಗ್ಲೈಕೋಜನ್ ರಕ್ತಕ್ಕೆ ಬಂದು ಇನ್ನೊಂದಕ್ಕೆ ಸೇರುವುದಿಲ್ಲ, ಅದಕ್ಕೆ ಬೇಕಾದ ಕಿಣ್ವ ಸ್ನಾಯುವಿನಲ್ಲಿ ಇಲ್ಲ. ತೋಳು ತುಂಬಿ ತುಳುಕಿದರೂ ತೊಡೆಗೆ ಸಾಲ ಸಿಗುವುದಿಲ್ಲ.

ಇದನ್ನು ಚೆಂದವಾಗಿ ತೋರಿಸಿದವರು ಸ್ಟಾಕ್‌ಹೋಮ್‌ನ ಬರ್ಗ್‌ಸ್ಟ್ರಾಮ್ ಮತ್ತು ಹುಲ್ಟ್‌ಮನ್, 1966ರಲ್ಲಿ. ತಮ್ಮ ಮೇಲೆಯೇ ಪ್ರಯೋಗ. ಒಂದೇ ಸೈಕಲ್ಲಿನ ಎರಡು ಬದಿ ಕುಳಿತು ಇಬ್ಬರೂ ಒಂದೊಂದೇ ಕಾಲಿನಿಂದ ಸುಸ್ತಾಗುವ ತನಕ ತುಳಿದರು. ಆಮೇಲೆ ಮೂರು ದಿನ ಬರೀ ಕಾರ್ಬೊಹೈಡ್ರೇಟ್ ಊಟ, ದಿನಾ ಎರಡೂ ತೊಡೆಗೆ ಸೂಜಿ ಚುಚ್ಚಿ ಸ್ನಾಯುವಿನ ತುಣುಕು ತೆಗೆದು ನೋಡಿದರು. ದುಡಿದ ಕಾಲು ಮೊದಲಿನ ಮಟ್ಟಕ್ಕೆ ನಿಲ್ಲದೆ ದುಡಿಯದ ಕಾಲಿನ ಎರಡರಷ್ಟು ತುಂಬಿಕೊಂಡಿತ್ತು. ಮರುವರ್ಷ ಅದೇ ಬಳಗ ಊಟ ಬದಲಿಸಿ ಸೈಕಲ್ ತುಳಿಸಿತು: ಕೊಬ್ಬು-ಪ್ರೋಟೀನ್ ಊಟ ಮಾಡಿದಾಗ ಅದೇ ಜನ ಒಂದು ಗಂಟೆಯೊಳಗೆ ಬಸವಳಿದರು, ಮಿಶ್ರ ಊಟಕ್ಕೆ ಎರಡು ಗಂಟೆಯ ಹತ್ತಿರ ಬಂತು, ಕಾರ್ಬೊಹೈಡ್ರೇಟ್ ಊಟಕ್ಕೆ ಎರಡೂಮುಕ್ಕಾಲು ಗಂಟೆ ಬಾಳಿಕೆ. ಕಾಲು ಅವೇ, ತಟ್ಟೆ ಬೇರೆ.

ಈಗ ಜೋಳವೋ ಅಕ್ಕಿಯೋ. ನಮ್ಮ ಸೀಮೆಯಲ್ಲಿ ಈ ಪ್ರಶ್ನೆಗೆ ಉತ್ತರ ಕೊಟ್ಟು ಪಾರಾಗುವುದು ಕಷ್ಟ. ಜೋಳದಲ್ಲಿ ನೂರು ಗ್ರಾಂಗೆ 68 ಗ್ರಾಂ ಕಾರ್ಬೊಹೈಡ್ರೇಟ್, ಹತ್ತು ಗ್ರಾಂನಷ್ಟು ಪ್ರೋಟೀನ್, ಹತ್ತಿರ ಹತ್ತಿರ ಅಷ್ಟೇ ನಾರು. ಪಾಲಿಶ್ ಅಕ್ಕಿಯಲ್ಲಿ ಕಾರ್ಬೊಹೈಡ್ರೇಟ್ 78, ನಾರು ಮೂರರ ಒಳಗೆ. ದಿನನಿತ್ಯಕ್ಕೆ ಜೋಳವೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಿರಿಧಾನ್ಯದ ಹುರುಪಿನಲ್ಲಿ ಅಕ್ಕಿಯನ್ನು ವಿಷ ಅನ್ನುವವರ ಜೊತೆ ನಾನಿಲ್ಲ. ಓಟದ ಹಿಂದಿನ ದಿನ ನಾರೇ ಶತ್ರು. ನಾನು ಓಡುತ್ತಿದ್ದ ಕಾಲದಲ್ಲಿ ಒಮ್ಮೆ ಸ್ಪರ್ಧೆಯ ಹಿಂದಿನ ರಾತ್ರಿ ನಾಲ್ಕು ಜೋಳದ ರೊಟ್ಟಿ, ಪುಂಡಿ ಪಲ್ಯ, ಮೇಲೆ ಹಸಿ ಉಳ್ಳಾಗಡ್ಡಿ ಕಟ್ಟಿದ್ದೆ. ಹನ್ನೊಂದನೇ ಕಿಲೋಮೀಟರಿನಲ್ಲಿ ರಸ್ತೆ ಬಿಟ್ಟು ಹತ್ತಿ ಹೊಲಕ್ಕೆ ಇಳಿದವನು ಮರಳಿ ಬರುವಷ್ಟರಲ್ಲಿ ಪರಿಚಯದವರೆಲ್ಲ ಮುಂದೆ ಹೋಗಿಯಾಗಿತ್ತು. ಆ ಎರಡು ದಿನಕ್ಕೆ ನಿಮ್ಮ ಮಿಲ್ಲಿನ ಸೋನಾ ಮಸೂರಿಯೇ ಸರಿ.

ಕೀನ್ಯಾದ ಓಟಗಾರರನ್ನು ಕಂಡು ಬೆರಗಾಗುತ್ತೇವಲ್ಲ, 2004ರಲ್ಲಿ ಅವರ ಊಟ ತೂಗಿ ನೋಡಿದಾಗ ಶಕ್ತಿಯ ಮುಕ್ಕಾಲು ಪಾಲು ಕಾರ್ಬೊಹೈಡ್ರೇಟಿನಿಂದಲೇ ಬಂದಿತ್ತು. ಮುಖ್ಯ ಆಹಾರ ಉಗಾಲಿ, ಅಂದರೆ ಮೆಕ್ಕೆಜೋಳದ ಹಿಟ್ಟು ಕುದಿಸಿ ಮುದ್ದೆ ಮಾಡಿದ್ದು, ನಮ್ಮ ಸಂಗಟಿಯ ಅಣ್ಣ. ಜೊತೆಗೆ ಸಕ್ಕರೆ ಸುರಿದ ಹಾಲಿನ ಚಹಾ.

ನಿಮಗೆ ಎಷ್ಟು ಬೇಕು? ದಿನಕ್ಕೆ ಒಂದು ಗಂಟೆ ಆಸುಪಾಸು ಓಡುವವರಿಗೆ ತೂಕದ ಪ್ರತಿ ಕೆ.ಜಿ.ಗೆ 5ರಿಂದ 7 ಗ್ರಾಂ ಕಾರ್ಬೊಹೈಡ್ರೇಟ್ ಅನ್ನುವುದು ಇಂದಿನ ಒಪ್ಪಿತ ಮಾತು. ನಿಮಗೆ 6ರಂತೆ ಹಿಡಿದರೆ 380 ಗ್ರಾಂ ಆಗುತ್ತದೆ. ತಟ್ಟೆಯಲ್ಲಿ ನೋಡಿದರೆ ಹೀಗೆ: ಬೆಳಗ್ಗೆ ಬಾಳೆಹಣ್ಣು, ಓಡಿ ಬಂದ ಮೇಲೆ ದೊಡ್ಡ ತಟ್ಟೆ ಮಂಡಕ್ಕಿ ಒಗ್ಗರಣಿ (ಮಿರ್ಚಿ ಒಂದೇ ಸಾಕು, ನನಗೂ ಹೇಳಲು ಕಷ್ಟವಾಗುತ್ತಿದೆ), ಮಧ್ಯಾಹ್ನ ಮೂರು ಜೋಳದ ರೊಟ್ಟಿ, ಬ್ಯಾಳಿ, ಒಂದು ಬಟ್ಟಲು ಅನ್ನ, ರಾತ್ರಿ ಎರಡು ರೊಟ್ಟಿ, ಅನ್ನ-ಮಜ್ಜಿಗೆ. ಅಲ್ಲಿಗೆ ಲೆಕ್ಕ ಚುಕ್ತಾ. ಮೊಟ್ಟೆ, ಶೇಂಗಾ ಬಿಡಬೇಡಿ. ನಿಮಗೆ ದಿನಕ್ಕೆ 80ರಿಂದ 100 ಗ್ರಾಂ ಪ್ರೋಟೀನೂ ಬೇಕು, ರೊಟ್ಟಿ-ಬ್ಯಾಳಿ ಒಂದರಿಂದಲೇ ಅದು ಬರುವುದಿಲ್ಲ. ಕಷ್ಟದ ಓಟ ಮುಗಿದ ಮೊದಲ ಕೆಲವು ಗಂಟೆಗಳಲ್ಲಿ ಸ್ನಾಯುವಿನ ಬಾಗಿಲು ಅಗಲವಾಗಿ ತೆರೆದಿರುತ್ತದೆ, ದುಡಿದ ಸ್ನಾಯು ಇನ್ಸುಲಿನ್‌ನ ಅಪ್ಪಣೆಗೂ ಕಾಯದೆ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ಓಡಿ ಬಂದು ಬರೀ ಚಹಾ ಕುಡಿದು ಮಿಲ್ಲಿಗೆ ಹೋಗುವ ಚಾಳಿ ಇದ್ದರೆ ಬಿಡಿ.

ಹಾಗಂತ ದಿನವೂ ತುಂಬಿದ ತಟ್ಟೆಯೇ ಆಗಬೇಕಿಲ್ಲ. 2005ರ ಡೆನ್ಮಾರ್ಕಿನ ಒಂದು ಪ್ರಯೋಗದಲ್ಲೂ ಎರಡು ಕಾಲುಗಳೇ ಎದುರಾಳಿಗಳು. ಏಳು ಜನ, ಹತ್ತು ವಾರ. ಒಂದು ಕಾಲಿಗೆ ದಿನಾ ಒಂದು ಸಲ ವ್ಯಾಯಾಮ, ಇನ್ನೊಂದಕ್ಕೆ ದಿನ ಬಿಟ್ಟು ದಿನ ಎರಡು ಸಲ, ಎರಡನೇ ಸಲ ಗ್ಲೈಕೋಜನ್ ಅರೆಬರಿದಾದಾಗಲೇ. ಒಟ್ಟು ದುಡಿಮೆ ಎರಡಕ್ಕೂ ಸಮ. ಕೊನೆಗೆ ಅರೆಬರಿದಾಗಿ ದುಡಿದ ಕಾಲು ಮತ್ತೊಂದರ ಎರಡು ಪಟ್ಟು ಹೊತ್ತು ಬಾಳಿತು. ಅವರು ಪಳಗಿದ ಕ್ರೀಡಾಪಟುಗಳಲ್ಲ, ಅದನ್ನು ನೆನಪಿಟ್ಟುಕೊಂಡೇ ಹೇಳುತ್ತೇನೆ: ವಾರಕ್ಕೊಮ್ಮೆ, ನಿಧಾನ ಓಟದ ದಿನ, ಖಾಲಿ ಹೊಟ್ಟೆಯಲ್ಲಿ ಒಂದು ಗಂಟೆ ಓಡಿ. ಕೊಬ್ಬು ಉರಿಸುವ ಕಲಿಕೆ ಬೇಕಾದಷ್ಟು ಅಲ್ಲಿ ಸಿಗುತ್ತದೆ, ಬೆಲೆ ಕಡಿಮೆ. ಶ್ರಾವಣ ಸೋಮವಾರದ ಉಪವಾಸವನ್ನೇ ಇದಕ್ಕೆ ಬಳಸಿಕೊಳ್ಳುವವರಿದ್ದಾರೆ. ಆದರೆ ಎರಡು ತಟ್ಟೆ ಸಾಬೂದಾಣಿ ಖಿಚಡಿ ತಿಂದು ಉಪವಾಸ ಅಂದರೆ ಅದು ಮ್ಯಾರಥಾನಿನ ಹಿಂದಿನ ದಿನದ ಊಟ. ಸ್ಪೀಡ್ ದಿನ, ಲಾಂಗ್ ರನ್ ದಿನ ಮಾತ್ರ ಹೊಟ್ಟೆ ಬರಿದಾಗಿಡಬೇಡಿ.

ಸ್ಪರ್ಧೆಗೆ ಮುಂಚಿನ ಒಂದೂವರೆ-ಎರಡು ದಿನ ಪ್ರತಿ ಕೆ.ಜಿ.ಗೆ 10 ಗ್ರಾಂ, ಅಂದರೆ ದಿನಕ್ಕೆ 640 ಗ್ರಾಂ. ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ಆರು ನೂರು ಗ್ರಾಂ ಅಕ್ಕಿಯ ಅನ್ನ, ನೂರು ಗ್ರಾಂ ಬೆಲ್ಲ, ಮೂರು ಬಾಳೆಹಣ್ಣು ತಿಂದರೆ ಅಲ್ಲಿಗೆ ಮುಟ್ಟುತ್ತೀರಿ. ಐದಾರು ಹೊತ್ತಿಗೆ ಹಂಚಿ, ಎಣ್ಣೆ-ಪಲ್ಯ ಕಡಿಮೆ ಮಾಡಿ. ತೂಕ ಒಂದು ಕೆ.ಜಿ.ಗಿಂತ ಹೆಚ್ಚೇ ಏರುತ್ತದೆ. ಮೊದಲು ಹೇಳಿದ ಅದೇ ನೀರು ಮರಳಿ ಬಂದದ್ದು, ಹೆದರಬೇಡಿ. ಬೆಳಗ್ಗೆ ಎರಡು-ಮೂರು ಗಂಟೆ ಮೊದಲೇ ಎದ್ದು ಇಡ್ಲಿಯೋ ಅನ್ನವೋ ಏನಾದರೂ ಮೆತ್ತಗಿನದು, 100 ಗ್ರಾಂ ಕಾರ್ಬೊಹೈಡ್ರೇಟಿನಷ್ಟು.

ಓಡುವಾಗ ಗಂಟೆಗೆ 30ರಿಂದ 60 ಗ್ರಾಂ. ಕರುಳು ಗ್ಲೂಕೋಸ್ ಒಂದನ್ನೇ ಕೊಟ್ಟರೆ ಗಂಟೆಗೆ 60 ಗ್ರಾಂ ಆಸುಪಾಸಿಗೆ ನಿಲ್ಲುತ್ತದೆ, ಫ್ರಕ್ಟೋಸ್‌ಗೆ, ಅಂದರೆ ಹಣ್ಣಿನ ಸಕ್ಕರೆಗೆ, ಬೇರೆಯೇ ಬಾಗಿಲು. ಸಕ್ಕರೆ-ಬೆಲ್ಲ ಎರಡರಲ್ಲೂ ಇವೆರಡೂ ಸಮಸಮ ಇರುವುದರಿಂದ ದುಬಾರಿ ಜೆಲ್ ಕೊಳ್ಳಲೇಬೇಕೆಂದಿಲ್ಲ. ಅರ್ಧ ಲೀಟರ್ ನೀರಿಗೆ 30 ಗ್ರಾಂ ಸಕ್ಕರೆ, ಎರಡು ಚಿಟಿಕೆ ಉಪ್ಪು, ಅರ್ಧ ನಿಂಬೆ. 24ರ ತನಕ ಕಾಯಬೇಡಿ, ಆರನೇ ಕಿಲೋಮೀಟರಿನಿಂದಲೇ ಗುಟುಕು ಗುಟುಕಾಗಿ ಕುಡಿಯಿರಿ. ಬಿಸಿಲಿನದೊಂದು ಮಾತು: ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ ಪಾರಾ 40 ದಾಟುತ್ತದೆ, ಕಾವು ಹೆಚ್ಚಿದಷ್ಟೂ ಅದೇ ವೇಗಕ್ಕೆ ಸ್ನಾಯು ಹೆಚ್ಚು ಗ್ಲೈಕೋಜನ್ ತಿನ್ನುತ್ತದೆ. ಏಳಕ್ಕೆ ಹೊರಡುವ ಲಾಂಗ್ ರನ್ನನ್ನು ನಸುಕಿನ ನಾಲ್ಕೂವರೆಗೆ ತಂದರೆ ಅದೂ ಒಂದು ಉಳಿತಾಯವೇ. ಸಕ್ಕರೆ ಕಾಯಿಲೆ ಇದ್ದು ಬರೆಯದೆ ಬಿಟ್ಟಿದ್ದರೆ ಮಾತ್ರ ಈ ಯಾವ ಅಳತೆಯನ್ನೂ ನಿಮ್ಮ ವೈದ್ಯರನ್ನು ಕೇಳದೆ ಹಿಡಿಯಬೇಡಿ.

ನಾಳೆಯಿಂದಲೇ ರೊಟ್ಟಿ-ಅನ್ನ ಶುರುಮಾಡಿ. ಗ್ಲೈಕೋಜನ್ ಒಂದೆರಡು ದಿನದಲ್ಲಿ ತುಂಬುತ್ತದೆ, ತುಕ್ಕು ಹಿಡಿದ ತೂಬಿಗೆ ಮಾತ್ರ ಸ್ವಲ್ಪ ಸಮಯ ಕೊಡಬೇಕು. ಅದಕ್ಕೇ ಈ ಭಾನುವಾರ 18ಕ್ಕೆ ನಿಲ್ಲಿಸಿ, ಮುಂದಿನ ವಾರ 22. ಮೂರನೇ ಭಾನುವಾರ ಶರಬತ್ತಿನ ಬಾಟಲಿ ಹಿಡಿದು 28ಕ್ಕೆ ಹೊರಡಿ, 24ನೇ ಕಲ್ಲಿನ ಹತ್ತಿರ ಗಡಿಯಾರ ನೋಡಿಕೊಳ್ಳಿ. ಆಗಲೂ ಕಾಲು ಏಳದಿದ್ದರೆ ಹಿಮೋಗ್ಲೋಬಿನ್ ಮತ್ತು ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹ ತೋರಿಸುವುದು) ಪರೀಕ್ಷೆ ಮಾಡಿಸಿ ಚೀಟಿ ಕಳಿಸಿ, ಆ ವಾರ ಏನೇನು ತಿಂದಿರಿ ಅನ್ನುವುದನ್ನು ಹೊತ್ತು ಸಮೇತ ಬರೆಯಿರಿ.